ಅಡಿಕೆ ಶೆಡ್ಡಿನೊಳಗೆ ನಾಲ್ಕು ಕಂಬದ ಕಾರ್ ಲಿಫ್ಟ್: ಯಾವುದು ಸರಿ?

ಪದ್ಮಿನಿ ಶಿರಸಿ:

ಮನೆಯಲ್ಲೇ ನಾಲ್ಕು ಕಂಬದ ಕಾರ್ ಲಿಫ್ಟ್ ಹಾಕಿಸಿಕೊಂಡವರು ನಮ್ಮ ಜಿಲ್ಲೆಯಲ್ಲಿ ಯಾರಾದರೂ ಇದ್ದೀರಾ? ದೂರದ ಊರುಗಳ ಮಾರಾಟಗಾರರೊಂದಿಗೆ ಫೋನಿನಲ್ಲಿ ಮಾತಾಡಿ ಸಾಕಾಗಿದೆ. ‘ನಾಲ್ಕು ಟನ್ ಎತ್ತುತ್ತದೆ ಸರ್’ ಎನ್ನುವುದನ್ನು ಬಿಟ್ಟರೆ ಅವರಿಂದ ಬೇರೆ ಮಾತು ಹೊರಡುವುದಿಲ್ಲ. ಹಂಚಿನ ಮಾಡು ಎಂದ ತಕ್ಷಣ ಆ ಕಡೆ ಮೌನ.

ನನ್ನ ಬಳಿ ಇರುವ ಕಾರು ಎರಡು. ಅಪ್ಪನ ಕಾಲದ 1984ರ ಪ್ರೀಮಿಯರ್ ಪದ್ಮಿನಿ, ದಿನಬಳಕೆಗೆ ಎರ್ಟಿಗಾ. ಹಳೆಯ ಅಡಿಕೆ ಶೆಡ್ಡಿನ ಒಂದು ಪಾಲನ್ನು ಗ್ಯಾರೇಜ್ ಮಾಡಿಕೊಂಡಿದ್ದೇನೆ. ಉಳಿದದ್ದರಲ್ಲಿ ಚಾಲಿ ಮೂಟೆಗಳು, ಸುಲಿಯುವ ಯಂತ್ರ, ಔಷಧಿ ಹೊಡೆಯುವ ದೋಟಿ, ಇನ್ನೂ ಏನೇನೋ ಇವೆ. ಕೊಯ್ಲು ಶುರುವಾದರೆ ಎರಡರಲ್ಲಿ ಒಂದು ಕಾರು ಅಂಗಳಕ್ಕೆ ಬೀಳುತ್ತದೆ, ಬೀಳುವುದು ಯಾವಾಗಲೂ ಪದ್ಮಿನಿಯೇ. ಅದನ್ನು ಮೇಲೆತ್ತಿ ನಿಲ್ಲಿಸಿ ಕೆಳಗೆ ಎರ್ಟಿಗಾ ಇಡಬೇಕು ಎಂಬುದು ನನ್ನ ಆಸೆ. ಬಿಡುವಾದಾಗ ಪದ್ಮಿನಿಯ ತಳಕ್ಕೆ ಗ್ರೀಸ್ ಹಚ್ಚಿಕೊಳ್ಳುವುದು, ಆಯಿಲ್ ಬದಲಿಸುವುದು, ತುಕ್ಕು ಕೆರೆಯುವುದು ಇಷ್ಟು ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಗ್ಯಾರೇಜ್ ವ್ಯಾಪಾರವೇನೂ ಇಲ್ಲ.

ಶೆಡ್ಡಿನ ಅಳತೆ: ಒಳಗಿನ ಅಗಲ 18 ಅಡಿ, ಉದ್ದ 34 ಅಡಿ. ಚಿರೆಕಲ್ಲಿನ ಗೋಡೆ ಹತ್ತೂವರೆ ಅಡಿ ಎತ್ತರ, ಅದರ ಮೇಲೆ ಮಂಗಳೂರು ಹಂಚು. ಗೋಡೆಯಿಂದ ಗೋಡೆಗೆ ಅಡ್ಡತೊಲೆಗಳಿವೆ. ಕಾರು ಒಳಗೆ ಬರುವ ಬಾಗಿಲು ಉದ್ದದ ಗೋಡೆಯಲ್ಲಿದೆ. ನೆಲಕ್ಕೆ ಹಳೆಯ ಕಾಲದ ಸಿಮೆಂಟ್ ಗಿಲಾವು, ಅಲ್ಲಲ್ಲಿ ಎದ್ದಿದೆ, ಅದರಡಿ ಕೆಂಪುಮಣ್ಣು.

ಊರಿನ ಮೇಸ್ತ್ರಿಯ ಪ್ರಕಾರ ಇದೆಲ್ಲ ದುಡ್ಡಿನ ದಂಡ, ನೆಲದಲ್ಲಿ ಗುಂಡಿ ತೋಡಿದರೆ ಸಾಕು. ಅಮ್ಮನದು ಇನ್ನೊಂದು ಆಕ್ಷೇಪ: ‘ಕಾರಿನ ತಲೆಯ ಮೇಲೆ ಕಾರು ನಿಲ್ಲಿಸುವುದು ಯಾವ ಶಾಸ್ತ್ರ?’ ಅಮ್ಮನನ್ನು ನಾನು ಒಪ್ಪಿಸಿಕೊಳ್ಳುತ್ತೇನೆ. ಮೂರೂವರೆ ಟನ್ನಿನದೋ ನಾಲ್ಕು ಟನ್ನಿನದೋ, ಈ ಮಾಡಿನ ಕೆಳಗೆ ಹಿಡಿಸುತ್ತದೋ ಇಲ್ಲವೋ, ನೆಲಕ್ಕೆ ಏನು ಮಾಡಬೇಕು, ಇವನ್ನು ತಿಳಿದವರು ಹೇಳಿ.

ಕುಮಟಾ ಸ್ಪ್ಯಾನರ್:

ಮೇಸ್ತ್ರಿಯ ಮಾತು ಕೇಳಬೇಡಿ. ನಿಮ್ಮಲ್ಲಿ ಗುಂಡಿ ತೋಡಿದರೆ ಆರಿದ್ರೆ ಮಳೆಗೆ ಅದು ಬಾವಿ. ಬೇಸಿಗೆಯಲ್ಲೂ ಅಪಾಯ ತಪ್ಪಿದ್ದಲ್ಲ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೋಗಿ ಗುಂಡಿಯ ತಳದಲ್ಲಿ ಕೂರುತ್ತದೆ. ಹಳೆಯ ಪದ್ಮಿನಿಯ ಪೆಟ್ರೋಲ್ ಪೈಪು ಜಿನುಗುತ್ತಿರುವಾಗ ಕೆಳಗೆ ಇಳಿದವನ ಕೈಯಲ್ಲಿ ತಂತಿ ಬಲ್ಬು. ಅದರ ಮುಂದಿನ ಕತೆ ಬೇಡ.

ನನ್ನ ಗ್ಯಾರೇಜಿನಲ್ಲಿರುವುದು ಎರಡು ಕಂಬದ ಲಿಫ್ಟ್. ಚಕ್ರ ಬಿಚ್ಚುವ ಕೆಲಸ, ಬ್ರೇಕು, ಸಸ್ಪೆನ್ಷನ್ನು, ಎಲ್ಲಕ್ಕೂ ಅದೇ ಸರಿ. ನಾಲ್ಕು ಕಂಬದ್ದರಲ್ಲಿ ಕಾರು ತನ್ನ ಚಕ್ರದ ಮೇಲೆಯೇ ನಿಂತಿರುತ್ತದೆ, ಬ್ರೇಕ್ ಡ್ರಮ್ ಬಿಚ್ಚಬೇಕೆಂದರೆ ಮೇಲೆ ಇನ್ನೊಂದು ಜಾಕ್ ಬೇಕು. ಬೆಲೆಯೂ ಜಾಸ್ತಿ, ಜಾಗವೂ ಜಾಸ್ತಿ. ಎರಡು ಕಂಬದ್ದನ್ನೂ ಒಮ್ಮೆ ವಿಚಾರಿಸಿ ನೋಡಿ.

ಬೈತಖೋಲ ಡೀಸೆಲ್:

ಗುಂಡಿಯ ವಿಷಯದಲ್ಲಿ ಕುಮಟಾದವರ ಮಾತಿಗೆ ನನ್ನ ಸಹಿಯೂ ಇರಲಿ. ಎರಡು ಕಂಬದ ಬಗ್ಗೆ ಮಾತ್ರ ಒಪ್ಪುವುದಿಲ್ಲ. ಎರಡು ಕಂಬದ ಲಿಫ್ಟ್ ಕಾರನ್ನು ತೋಳಿನ ಮೇಲೆ ಹೊತ್ತು ನಿಲ್ಲುತ್ತದೆ. ಕಂಬವನ್ನು ಒಳಕ್ಕೆ ಬಾಗಿಸಲು ಹೊರಟ ಆ ಭಾರವನ್ನೆಲ್ಲ ಹಿಡಿದಿಡುವುದು ಬುಡದ ಆ್ಯಂಕರ್ ಬೋಲ್ಟುಗಳು. ಕೆಂಪುಮಣ್ಣಿನ ಮೇಲಿನ ಗಿಲಾವಿನಲ್ಲಿ ಅವುಗಳಿಗೆ ಹಿಡಿತವೆಲ್ಲಿ? ನಾಲ್ಕು ಕಂಬದ್ದಾದರೆ ಭಾರ ನೇರವಾಗಿ ನೆಲಕ್ಕೆ ಇಳಿಯುತ್ತದೆ. ತಿಂಗಳುಗಟ್ಟಲೆ ಕಾರನ್ನು ಮೇಲಿಡುವವರಿಗೆ ಅದೇ ಬೇಕು.

ನಾನು ಕಾರವಾರದ ಬಂದರಿನಲ್ಲಿ ದೋಣಿ ಎಂಜಿನ್ ಕೆಲಸ ಮಾಡುವವನು. ಮನೆಯಲ್ಲಿ ನಾಲ್ಕು ಕಂಬದ ಲಿಫ್ಟ್ ಇದೆ, ಮೇಲೆ ಜಿಪ್ಸಿ, ಕೆಳಗೆ ಹೆಂಡತಿಯ ಸ್ವಿಫ್ಟ್. ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಆ ಟನ್ನಿನ ಮಾತು ಮುಗಿಸೋಣ. ಪದ್ಮಿನಿಯ ತೂಕ 900 ಕಿಲೋ ಆಸುಪಾಸು. ಮೂರೂವರೆ ಟನ್ನಿನ ಲಿಫ್ಟ್ ಅದರ ಮೂರು ಪಟ್ಟಿಗೂ ಹೆಚ್ಚು ಹೊರುತ್ತದೆ. ನಾಲ್ಕು ಟನ್ ಎಂದು ಹಿಗ್ಗಿಸುವವನು ನಿಮಗೆ ಬೇಡದ ವಸ್ತುವನ್ನು ಮಾರುತ್ತಿದ್ದಾನೆ. ನಿಮ್ಮ ಸಮಸ್ಯೆ ಎತ್ತುವುದಲ್ಲ. ಎತ್ತಿದ್ದು ಎಲ್ಲಿ ನಿಲ್ಲುತ್ತದೆ, ಯಾವುದರ ಮೇಲೆ ನಿಲ್ಲುತ್ತದೆ, ಬೇಕೆಂದಾಗ ಇಳಿಯುತ್ತದೋ ಇಲ್ಲವೋ, ಅದು ನಿಮ್ಮ ಸಮಸ್ಯೆ.

ಎತ್ತರದ ಲೆಕ್ಕ ನೋಡಿ. ಎರ್ಟಿಗಾ 1690 ಮಿಲಿಮೀಟರ್, ಪದ್ಮಿನಿ 1468. ಎರಡೂ ಸೇರಿ 3158. ನಡುವೆ ಕಾರು ನಿಲ್ಲುವ ಹಲಗೆ ಮತ್ತು ಅದರ ಅಡ್ಡಪಟ್ಟಿಯ ದಪ್ಪಕ್ಕೆ ಸುಮಾರು 150 ಸೇರಿಸಿ. ಎರ್ಟಿಗಾದ ತಲೆಗೂ ಹಲಗೆಗೂ ನಡುವೆ 50, ಪದ್ಮಿನಿಯ ತಲೆಯ ಮೇಲೆ 100. ಅಲ್ಲಿಗೆ 3458, ಅಂದರೆ ಹನ್ನೊಂದು ಅಡಿ ನಾಲ್ಕು ಇಂಚು. ಇದರ ಮೇಲೆ ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಲಿಫ್ಟ್ ನಿಮಗೆ ಬೇಕಾದ ಎತ್ತರದಲ್ಲೇ ನಿಲ್ಲುವುದಿಲ್ಲ, ಲಾಕಿನ ಮೆಟ್ಟಿಲು ಎಲ್ಲಿದೆಯೋ ಅಲ್ಲಿ ನಿಲ್ಲುತ್ತದೆ. ಮೆಟ್ಟಿಲುಗಳ ನಡುವೆ ಹತ್ತು ಸೆಂಟಿಮೀಟರ್ ಅಂತರವಿದ್ದರೆ ನಿಮ್ಮ ಲೆಕ್ಕಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಕೂರಬೇಕಾಗಿ ಬರಬಹುದು. ಕಾರುಗಳನ್ನು ಅದಲುಬದಲು ಮಾಡಿದರೆ ಉಳಿತಾಯವಾದೀತು ಎಂದುಕೊಳ್ಳಬೇಡಿ, ಕೂಡಿದ ಮೊತ್ತ ಅಷ್ಟೇ.

ಅಡ್ಡತೊಲೆಯ ತಳ ಹತ್ತೂವರೆ ಅಡಿಯಲ್ಲಿದ್ದರೆ ಅದರ ನೇರ ಕೆಳಗೆ ಇದು ಹಿಡಿಸುವುದಿಲ್ಲ. ಆದರೆ ನಿಮ್ಮ ಬಾಗಿಲು ಉದ್ದಗೋಡೆಯಲ್ಲಿದೆ, ಹಾಗಾದರೆ ಕಾರು ತೊಲೆಗಳಿಗೆ ಸಮಾನಾಂತರವಾಗಿ ಒಳಗೆ ಬರುತ್ತದೆ. ಪದ್ಮಿನಿಯ ಅಗಲ 1460 ಮಿಲಿಮೀಟರ್, ಐದಡಿಯೂ ಇಲ್ಲ. ಎರಡು ತೊಲೆಗಳ ನಡುವೆ ಎಂಟೊಂಬತ್ತು ಅಡಿ ಅಂತರವಿದ್ದರೆ ಪದ್ಮಿನಿಯ ತಲೆ ಆ ಎರಡರ ಮಧ್ಯೆ ಮೇಲೆದ್ದು ನಿಲ್ಲುತ್ತದೆ. ಲಿಫ್ಟಿನ ಕಂಬಗಳು ಏಳಡಿಯ ಆಸುಪಾಸು, ಅವು ತೊಲೆಗೆ ತಾಗುವುದಿಲ್ಲ. ಗೋಡೆಯ ಹತ್ತಿರ ಮಾಡು ಇಳಿಯುವ ಕಡೆ ಬರುವುದು ಬಾನೆಟ್ಟು ಮತ್ತು ಡಿಕ್ಕಿ, ಅವು ಹೇಗೂ ತಗ್ಗು. ತೊಲೆಯಿಂದ ತೊಲೆಗೆ ಅಂತರ ಅಳೆದು ಇಲ್ಲಿ ಬರೆಯಿರಿ. ಬಡಗಿ ಬಂದು ‘ಒಂದು ತೊಲೆ ತೆಗೆದುಬಿಡೋಣ’ ಎಂದರೆ ಚಹಾ ಕೊಟ್ಟು ಕಳಿಸಿ. ಮಾಡಿನ ಭಾರ ಗೋಡೆಯನ್ನು ಹೊರಕ್ಕೆ ಒದೆಯದಂತೆ ಹಿಡಿದಿರುವುದು ಆ ತೊಲೆಯೇ.

ಎರ್ಟಿಗಾದ ಹಿಂಬಾಗಿಲು ಮೇಲಕ್ಕೆ ತೆರೆಯುತ್ತದೆ. ಕಾರು ಪೂರ್ತಿ ಒಳಗೆ ನಿಂತರೆ ಅದು ಲಿಫ್ಟಿನ ಅಡ್ಡಪಟ್ಟಿಗೆ ಬಡಿಯುತ್ತದೆ. ಮೂತಿ ಒಳಗೆ, ಬಾಲ ಬಾಗಿಲ ಕಡೆ ಅಡ್ಡಪಟ್ಟಿಯಿಂದ ಹೊರಗೆ ಇರುವಂತೆ ನಿಲ್ಲಿಸಲು ಜಾಗವಿದೆಯೋ ನೋಡಿ. ಇಲ್ಲವಾದರೆ ದಿನಸಿ ಚೀಲ ಇಳಿಸಲು ದಿನವೂ ಕಾರನ್ನು ಹೊರಗೆ ತೆಗೆಯಬೇಕು, ಮನೆಯವರ ಬೆಂಬಲ ಅಲ್ಲಿಗೆ ಮುಗಿಯುತ್ತದೆ.

ಈಗ ಲಾಕು. ಈ ಲಿಫ್ಟಿನಲ್ಲಿ ಒಂದೇ ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ, ಹಲಗೆಯ ಹೊಟ್ಟೆಯೊಳಗೆ. ಅದು ನಾಲ್ಕು ಉಕ್ಕಿನ ಹಗ್ಗಗಳನ್ನು ಎಳೆಯುತ್ತದೆ, ಹಗ್ಗಗಳು ಕಪ್ಪಿಗಳ ಮೇಲೆ ಹಾದು ನಾಲ್ಕು ಮೂಲೆಗಳನ್ನು ಎತ್ತುತ್ತವೆ. ಎತ್ತುವುದಷ್ಟೇ ಹಗ್ಗದ ಕೆಲಸ. ನಿಲ್ಲಿಸುವುದು ಲಾಕಿನ ಕೆಲಸ. ಎತ್ತುವಾಗ ನಾಲ್ಕೂ ಕಂಬಗಳಿಂದ ಟಕ್ ಟಕ್ ಎಂದು ಕೇಳಿಸಬೇಕು. ಬೇಕಾದ ಎತ್ತರ ದಾಟಿದ ಮೇಲೆ ಮೆಲ್ಲಗೆ ಇಳಿಸಿ ನಾಲ್ಕೂ ಮೂಲೆಗಳನ್ನು ಲಾಕಿನ ಮೇಲೆ ಕೂರಿಸಬೇಕು. ಆಗ ಹಗ್ಗ ಸ್ವಲ್ಪ ಸಡಿಲಾಗುತ್ತದೆ, ಬೆರಳಿಂದ ಒತ್ತಿದರೆ ಗೊತ್ತಾಗುತ್ತದೆ. ಇದನ್ನು ಮಾಡದೆ ಹಗ್ಗದಲ್ಲೇ ತೂಗಿಸಿಟ್ಟ ಕಾರಿನ ಕೆಳಗೆ ನಾನು ಚಪ್ಪಲಿಯನ್ನೂ ಬಿಡುವುದಿಲ್ಲ. ಹಗ್ಗ ತುಂಡಾದರೆ ಅಥವಾ ಸಡಿಲಾದರೆ ತಾನಾಗಿ ಕಚ್ಚಿಕೊಳ್ಳುವ ಇನ್ನೊಂದು ಲಾಕು ಪ್ರತಿ ಕಂಬದಲ್ಲೂ ಬೇರೆಯಾಗಿ ಇರಬೇಕು. ಅದನ್ನು ಕೈಯಿಟ್ಟು ತೋರಿಸಲಾರದವನಿಂದ ಕೊಳ್ಳಬೇಡಿ.

ಲಾಕ್ ಬಿಡಿಸುವ ವ್ಯವಸ್ಥೆ ಎರಡು ಬಗೆ. ಒಂದು ಗಾಳಿಯದು, ಅದಕ್ಕೆ ಕಂಪ್ರೆಸರ್ ಬೇಕು. ಇನ್ನೊಂದು ಕೈಯಿಂದ ಎಳೆಯುವ ಸನ್ನೆಕೋಲು, ಸರಳುಗಳ ಮೂಲಕ ನಾಲ್ಕನ್ನೂ ಒಟ್ಟಿಗೆ ಬಿಡಿಸುತ್ತದೆ. ನಮ್ಮ ಹವೆಗೆ ಸನ್ನೆಯೇ ವಾಸಿ. ಕಂಪ್ರೆಸರ್ ಟ್ಯಾಂಕಿನಲ್ಲಿ ಕೂಡುವ ನೀರು ಆ ಸಣ್ಣ ಗಾಳಿ ಸಿಲಿಂಡರುಗಳಿಗೂ ಹೋಗುತ್ತದೆ. ಒಂದು ಅಂಟಿಕೊಂಡಿತೆಂದರೆ ಮೂರು ಮೂಲೆ ಇಳಿಯುತ್ತವೆ, ನಾಲ್ಕನೆಯದು ನಿಲ್ಲುತ್ತದೆ. ಯಾವ ಬಗೆಯದನ್ನೇ ತೆಗೆದುಕೊಳ್ಳಿ, ಇಳಿಸುವ ಮುಂಚೆ ನಾಲ್ಕೂ ಕಂಬಗಳನ್ನು ಕಣ್ಣಿಂದ ನೋಡಿ.

ಹಗ್ಗದ ವಿಷಯ ನನ್ನ ಕಸುಬಿನದು, ಆದ್ದರಿಂದ ಹೇಳದೆ ಬಿಡಲಾರೆ. ಟ್ರಾಲರ್ ವಿಂಚಿನ ಉಕ್ಕಿನ ಹಗ್ಗವೂ ಇದೂ ಒಂದೇ ಜಾತಿ. ತುಕ್ಕು ಹೊರಗಿಂದ ಕಾಣುವ ಹೊತ್ತಿಗೆ ಒಳಗಿನ ಎಳೆಗಳು ಹೋಗಿರುತ್ತವೆ. ಸತು ಲೇಪಿಸಿದ ಹಗ್ಗವನ್ನೇ ಕೇಳಿ. ಮೇಲೆ ದಪ್ಪ ಗ್ರೀಸ್ ಮೆತ್ತಿದರೆ ಪ್ರಯೋಜನ ಕಡಿಮೆ, ಎಳೆಗಳ ನಡುವೆ ಇಳಿಯುವ ತೆಳು ಎಣ್ಣೆ ಬೇಕು. ಮಳೆಗಾಲದ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ, ಹಳೆಯ ಹತ್ತಿ ಬಟ್ಟೆಯನ್ನು ಹಗ್ಗಕ್ಕೆ ಸುತ್ತಿ ಉದ್ದಕ್ಕೂ ಮೆಲ್ಲಗೆ ಎಳೆಯಿರಿ. ಬಟ್ಟೆಯ ನೂಲು ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿ ತಂತಿ ತುಂಡಾಗಿದೆ. ಬರಿಗೈಯಲ್ಲಿ ಎಳೆಯಲು ಹೋಗಬೇಡಿ, ಅಂಗೈ ಸೀಳುತ್ತದೆ. ಒಂದು ಎಳೆ ಹಗ್ಗದ ಸುತ್ತ ಒಂದು ಪೂರ್ತಿ ಸುತ್ತು ಬರುವಷ್ಟು ಉದ್ದದೊಳಗೆ ಆರು ತಂತಿ ತುಂಡಾಗಿದ್ದರೆ, ಅಥವಾ ಒಂದೇ ಎಳೆಯಲ್ಲಿ ಮೂರು, ಹಗ್ಗ ಬದಲಿಸುವುದು ಎಂದು ಲೆಕ್ಕ. ಹಲಗೆಯೊಳಗೆ ಅಡಗಿರುವ ಭಾಗವನ್ನೂ ನೋಡಲು ದಾರಿಯಿರಬೇಕು. ಕಪ್ಪಿ ದೊಡ್ಡದಿದ್ದಷ್ಟೂ ಹಗ್ಗ ಬಾಳುತ್ತದೆ, ಚಿಕ್ಕ ಕಪ್ಪಿಯಲ್ಲಿ ಬಾಗಿ ಬಾಗಿ ಬೇಗ ಸಾಯುತ್ತದೆ. ಎರಡು ಮಾದರಿಗಳ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ನಾನು ಕಪ್ಪಿ ಅಳೆದು ಆರಿಸುತ್ತೇನೆ.

ನೆಲಕ್ಕೆ ಬರೋಣ. ಲಿಫ್ಟಿನ ಸ್ವಂತ ತೂಕ ಏಳೆಂಟು ಕ್ವಿಂಟಲ್, ಪದ್ಮಿನಿ ಒಂಬತ್ತು. ಕಂಬವೊಂದಕ್ಕೆ ಹೆಚ್ಚೆಂದರೆ ಐದು ಕ್ವಿಂಟಲ್, ಆದರೆ ಅದು ಬೀಳುವುದು ತಟ್ಟೆಯಗಲದ ಉಕ್ಕಿನ ಪಾದದ ಮೇಲೆ. ಗಿಲಾವು ತಡೆಯುವುದಿಲ್ಲ. ಎಲ್ಲವನ್ನೂ ಎಬ್ಬಿಸಿ, ಮಣ್ಣು ದಮ್ಮಸು ಮಾಡಿ, ಜಲ್ಲಿ ಹಾಸಿ, ಜಾಲರಿ ಕಟ್ಟಿ ಐದು ಇಂಚು ಎಂ20 ದರ್ಜೆಯ ಕಾಂಕ್ರೀಟ್ ಹಾಕಿಸಿ. ನಾಲ್ಕು ಮೂಲೆಗೆ ನಾಲ್ಕು ದಿಂಡು ಹಾಕೋಣ ಎನ್ನುತ್ತಾರೆ, ಬೇಡ. ಒಂದೊಂದು ಒಂದೊಂದು ಪ್ರಮಾಣದಲ್ಲಿ ಕುಸಿದರೆ ಲಿಫ್ಟ್ ಸೊಟ್ಟಗಾಗುತ್ತದೆ, ಒಂದೇ ಹಾಸು ಇರಲಿ. 28 ದಿನ ಅದರ ಮೇಲೆ ಭಾರ ಇಡಬೇಡಿ. ಮಳೆಯಲ್ಲಿ ತೊಯ್ದ ಎರ್ಟಿಗಾದಿಂದ ನೀರು ಇಳಿಯುತ್ತದೆ, ಅದು ಕಂಬದ ಬುಡದಲ್ಲಿ ನಿಲ್ಲದಂತೆ ಬಾಗಿಲ ಕಡೆಗೆ ಚೂರು ಇಳಿಜಾರು ಕೊಟ್ಟು, ಕಂಬಗಳನ್ನು ಉಕ್ಕಿನ ಬಿಲ್ಲೆಗಳಿಂದ ಮಟ್ಟ ಮಾಡಿಕೊಳ್ಳಿ.

ಹಲಗೆಗಳ ನಡುವೆ ಇಡುವ ತಟ್ಟೆಗಳನ್ನು ಮರೆಯದೆ ಕೇಳಿ. ಪದ್ಮಿನಿ ಆಯಿಲ್ ತೊಟ್ಟಿಕ್ಕದೆ ಇರುವುದಿಲ್ಲ, ಕೆಳಗೆ ನಿಂತಿರುವುದು ಎರ್ಟಿಗಾ.

ಪದ್ಮಿನಿ ಶಿರಸಿ:

ಇಷ್ಟನ್ನು ಯಾವ ಮಾರಾಟಗಾರನೂ ಹೇಳಿರಲಿಲ್ಲ. ಏಣಿ ಹಾಕಿ ಅಳೆದೆ. ತೊಲೆಯಿಂದ ತೊಲೆಗೆ ಒಂಬತ್ತು ಅಡಿ ಚಿಲ್ಲರೆ. ತೊಲೆಯ ತಳ ಹತ್ತೂವರೆಗೆ ಎರಡು ಇಂಚು ಕಡಿಮೆ. ಬಾಗಿಲ ಮಧ್ಯಕ್ಕೂ ತೊಲೆಗಳ ಮಧ್ಯಕ್ಕೂ ಅರ್ಧ ಅಡಿ ವ್ಯತ್ಯಾಸ ಬರುತ್ತದೆ, ಬಾಗಿಲ ಚೌಕಟ್ಟನ್ನು ಒಂದು ಪಕ್ಕಕ್ಕೆ ಸರಿಸಿದರೆ ಹೊಂದುತ್ತದೆ.

ಇನ್ನೊಂದು ಚಿಂತೆ ಕರೆಂಟು. ಸಂಜೆ ಹೊತ್ತು ನಮ್ಮ ಮನೆಯಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಮಳೆಗಾಲದಲ್ಲಿ ಮರ ಬಿದ್ದರೆ ಎರಡು ದಿನ ಇರುವುದೇ ಇಲ್ಲ. ತೋಟದ ಪಂಪಿಗೆ ತ್ರೀ ಫೇಸ್ ಇದೆ. ಅದರಿಂದಲೇ ಲಿಫ್ಟಿಗೂ ಎಳೆದುಕೊಳ್ಳಬಹುದೇ? ಮಾರಾಟಗಾರರೊಬ್ಬರು ಹೇಳುವಂತೆ ಕರೆಂಟ್ ಇಲ್ಲದಾಗಲೂ ವಾಲ್ವ್ ತಿರುಗಿಸಿದರೆ ಲಿಫ್ಟ್ ತಾನಾಗಿ ಇಳಿಯುತ್ತದಂತೆ.

ಅಂಕೋಲೆ ವಯರ್‌ಮನ್:

ಪಂಪ್‌ಸೆಟ್ಟಿನ ಲೈನು ನೀರೆತ್ತಲು ಕೊಟ್ಟದ್ದು. ಅದರಿಂದ ಲಿಫ್ಟಿಗೆ ಎಳೆಯುವುದು ನಿಯಮಕ್ಕೂ ಒಪ್ಪುವುದಿಲ್ಲ, ಕೆಲಸಕ್ಕೂ ಬರುವುದಿಲ್ಲ. ಅದು ಬರುವ ಗಂಟೆಗಳಲ್ಲೇ ನೀವು ಕಾರು ಇಳಿಸಬೇಕಾಗುತ್ತದೆ.

ಸಿಂಗಲ್ ಫೇಸಿನ 2.2 ಕಿಲೋವ್ಯಾಟ್ ಮೋಟಾರೇ ತೆಗೆದುಕೊಳ್ಳಿ. ಓಡುವಾಗ 15 ಆಂಪಿಯರ್ ಹತ್ತಿರ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಗೀಸರ್ ಪ್ಲಗ್ಗಿಗೆ ಸಿಕ್ಕಿಸುವ ಮಾತೇ ಬೇಡ. ಮೇನ್ ಬೋರ್ಡಿನಿಂದ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬೇರೆಯಾಗಿ ಎಳೆದು, ಅದಕ್ಕೇ ಒಂದು 25 ಆಂಪಿಯರಿನ ಎಂಸಿಬಿ ಕೊಡಿ, ಅರ್ಥಿಂಗ್ ಸರಿಯಿರಲಿ. ಶೆಡ್ಡು ಮನೆಯಿಂದ ದೂರವಿದ್ದರೆ ತಂತಿ ಇನ್ನೂ ದಪ್ಪ ಬೇಕು. ಮನೆಯ ಮಂಜೂರಾದ ಲೋಡ್ ಕಡಿಮೆಯಿದ್ದರೆ ಮೊದಲು ಅದನ್ನು ಏರಿಸಿಕೊಳ್ಳಿ.

180 ವೋಲ್ಟಿನಲ್ಲಿ ಶುರು ಮಾಡಬೇಡಿ. ಮೋಟಾರು ಮೊದಲು ತಿರುಗುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230ರ ಬದಲು 180 ಇದ್ದರೆ ಸಿಗುವ ಬಲ ಶೇಕಡಾ 61 ಮಾತ್ರ. ಮೋಟಾರು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ವೈಂಡಿಂಗ್ ಬಿಸಿಯಾಗುತ್ತದೆ. ಲಿಫ್ಟಿನ ಕೆಲಸ ದಿನವೂ ಇರುವುದಲ್ಲವಲ್ಲ, ಬೆಳಿಗ್ಗೆ ವೋಲ್ಟೇಜ್ ಇರುವಾಗ ಮಾಡಿಕೊಳ್ಳಿ. ಹಗಲೂ ಇದೇ ಹಾಡಾದರೆ 5 ಕೆವಿಎಗೆ ಕಡಿಮೆಯಿಲ್ಲದ ಸ್ಟೆಬಿಲೈಸರ್.

ಬೈತಖೋಲ ಡೀಸೆಲ್:

ಆ ವಾಲ್ವಿನ ಮಾತು ಅರ್ಧ ಸತ್ಯ. ಕಾರು ಲಾಕಿನ ಮೇಲೆ ಕೂತಿದೆ, ಅಲ್ಲವೇ? ಲಾಕು ಬಿಡಿಸಬೇಕಾದರೆ ಮೊದಲು ಅದರ ಮೇಲಿನ ಭಾರ ತೆಗೆಯಬೇಕು, ಅಂದರೆ ಒಂದೆರಡು ಇಂಚು ಮೇಲೆತ್ತಬೇಕು. ಎತ್ತಲು ಪಂಪು ಓಡಬೇಕು, ಪಂಪಿಗೆ ಕರೆಂಟು ಬೇಕು. ಕರೆಂಟಿಲ್ಲದ ಹೊತ್ತಿನಲ್ಲಿ ವಾಲ್ವನ್ನು ಎಷ್ಟು ತಿರುಗಿಸಿದರೂ ಪದ್ಮಿನಿ ಅಲ್ಲಾಡುವುದಿಲ್ಲ. ಭಾರ ಕೂತಿರುವ ಲಾಕನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಲು ಹೋಗುವವರೂ ಇದ್ದಾರೆ. ಅವರ ಪಕ್ಕದಲ್ಲಿ ನಿಲ್ಲಬೇಡಿ.

ಆದ್ದರಿಂದ ಪವರ್ ಪ್ಯಾಕಿಗೆ, ಅಂದರೆ ಮೋಟಾರು ಮತ್ತು ಪಂಪು ಸೇರಿದ ಭಾಗಕ್ಕೆ, ಕೈಪಂಪು ಇದೆಯೇ ಎಂದು ಕೇಳಿ. ನನ್ನ ಲಿಫ್ಟಿಗೆ ಇದೆ. ಹಿಡಿಕೆ ಒತ್ತುತ್ತಾ ಹೋದರೆ ಲಾಕಿನಿಂದ ಎದ್ದುಬರುತ್ತದೆ, ತೋಳು ಸೋಲುತ್ತದೆ, ಕೆಲಸ ಆಗುತ್ತದೆ. ಕೈಪಂಪು ಇಲ್ಲವೆಂದರೆ ಮೋಟಾರು ಶುರುಮಾಡುವ ತಾಕತ್ತಿನ ಜನರೇಟರ್ ಬೇಕು, ಅದರ ಬೆಲೆಯನ್ನೂ ಲಿಫ್ಟಿನ ಬೆಲೆಗೆ ಸೇರಿಸಿ ಹೋಲಿಸಿ. ನಿಮ್ಮಲ್ಲಿ ಮೇಲಿರುವುದು ಅಪರೂಪಕ್ಕೆ ಓಡುವ ಪದ್ಮಿನಿ, ಅವಸರವಿಲ್ಲ, ನಿಜ. ಆದರೆ ಗ್ರೀಸ್ ಹಚ್ಚಲು ಎತ್ತಿದಾಗ ಕರೆಂಟ್ ಹೋಗಿ, ಅಂಗಳದಲ್ಲಿ ಎರ್ಟಿಗಾ, ಮೇಲಿಂದ ಆಶ್ಲೇಷ ಮಳೆ. ನೀವೇ ಊಹಿಸಿಕೊಳ್ಳಿ.

ಮೇಲಿಟ್ಟ ಕಾರಿಗೆ ಮಳೆಗಾಲವಿಡೀ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ, ತೇವಕ್ಕೆ ಡ್ರಮ್ಮಿನೊಳಗೆ ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರದ ಎರಡೂ ಪಕ್ಕ ಒತ್ತುಕಟ್ಟೆ ಕೊಡಿ, ಅದು ಹಲಗೆಗೆ ಕಚ್ಚುವಂಥದ್ದಾಗಿರಲಿ. ಹೈಡ್ರಾಲಿಕ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಸೇರಿದೆ ಎಂದರ್ಥ, ಬದಲಿಸಿ. ಮಾಡಿನ ಮೇಲೆ ಮಂಗಗಳು ಓಡಾಡುವ ಕಡೆ ನಿಮ್ಮದು. ಹಂಚು ಒಡೆದರೆ ಮೊದಲು ಸೋರುವುದು ಪದ್ಮಿನಿಯ ಮೇಲೆ, ಆ ಭಾಗಕ್ಕೆ ಹಂಚಿನಡಿ ಒಂದು ತಗಡು ಹೊದಿಸಿ.

ಸಿಇ ಎಂಬ ಯುರೋಪಿನ ಸುರಕ್ಷತಾ ಗುರುತಿನ ಚೀಟಿ ಅಂಟಿಸಿರುವುದನ್ನು ನಂಬಬೇಡಿ, ನಿಮ್ಮ ಮಾದರಿಯ ಸಂಖ್ಯೆ ಬರೆದಿರುವ ಪ್ರಮಾಣಪತ್ರ ಕೇಳಿ. ಜೊತೆಗೆ ಬಿಡಿ ಹಗ್ಗ ಒಂದು ಜೊತೆ, ಸಿಲಿಂಡರಿನ ಸೀಲುಗಳು, ಇವು ಬೆಲೆಯೊಳಗೇ ಬರಲಿ. ನಾಲ್ಕು ಹಗ್ಗಗಳ ಉದ್ದ ಬೇರೆಬೇರೆ, ಆಮೇಲೆ ಹುಡುಕುವುದು ಕಷ್ಟ.

ಪದ್ಮಿನಿ ಶಿರಸಿ:

ಕೈಪಂಪು, ಕೈಯ ಸನ್ನೆಕೋಲು, ಮೂರೂವರೆ ಟನ್ನು. ಇಷ್ಟನ್ನು ಬರೆದು ಇಬ್ಬರು ಮಾರಾಟಗಾರರಿಗೆ ಕಳಿಸಿದೆ. ಒಬ್ಬರು ಕಪ್ಪಿಯ ವ್ಯಾಸ ಯಾಕೆ ಬೇಕು ಎಂದು ಕೇಳಿದರು, ಅವರನ್ನು ಬಿಟ್ಟೆ. ಇನ್ನೊಬ್ಬರು ಹಗ್ಗ, ಕಪ್ಪಿ, ಲಾಕು ಎಲ್ಲದರ ಫೋಟೋ ಕಳಿಸಿದ್ದಾರೆ, ನಾಳೆ ಇಲ್ಲಿ ಹಾಕುತ್ತೇನೆ.

ನೆಲದ ಕೆಲಸ ಕೊಯ್ಲಿನ ಮುಂಚೆ ಮುಗಿಸುವುದು ಎಂದು ಮೇಸ್ತ್ರಿಯೊಂದಿಗೆ ಮಾತಾಗಿದೆ. ಗುಂಡಿ ಬೇಡ ಎಂದಿದ್ದಕ್ಕೆ ಸ್ವಲ್ಪ ಮುನಿಸು. ಈಗ ಉಳಿದದ್ದು ಸಾಗಣೆ. ನಾಲ್ಕು ಮೀಟರಿಗೂ ಉದ್ದದ ಹಲಗೆಗಳು ಲಾರಿಯಲ್ಲಿ ಶಿರಸಿಯವರೆಗೆ ಬರುತ್ತವೆ. ಅಲ್ಲಿಂದ ನಮ್ಮ ಮನೆಯ ದಾರಿಯ ತಿರುವಿನಲ್ಲಿ ದೊಡ್ಡ ಲಾರಿ ಹೊರಳುವುದಿಲ್ಲ. ಟ್ರ್ಯಾಕ್ಟರ್ ಟ್ರಾಲಿಗೆ ಬದಲಿಸಿಕೊಳ್ಳಬೇಕು. ಎತ್ತಿ ಇಳಿಸಲು ಸಣ್ಣ ಕ್ರೇನ್ ಇರುವವರು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಯಾರಾದರೂ ಗೊತ್ತಿದ್ದರೆ ತಿಳಿಸಿ.

ಕುಮಟಾ ಸ್ಪ್ಯಾನರ್:

ಕ್ರೇನ್ ಯಾಕೆ, ಜೆಸಿಬಿಯ ಬಕೆಟ್ಟಿಗೆ ಬೆಲ್ಟ್ ಕಟ್ಟಿದರೆ ಸಾಕು. ನೆಲ ಅಗೆಯಲು ಬಂದ ಜೆಸಿಬಿಯವನ ನಂಬರನ್ನೇ ಇಟ್ಟುಕೊಳ್ಳಿ. ಸರಪಳಿ ಕಟ್ಟಲು ಬಿಡಬೇಡಿ, ಬಣ್ಣ ಕೆತ್ತಿ ಹೋದ ಕಡೆಯೇ ತುಕ್ಕು ಮೊದಲು ಏಳುವುದು. ಮತ್ತೆ, ಫೋಟೋ ಹಾಕುವಾಗ ಹಲಗೆಯ ತಳಭಾಗದ್ದೂ ಒಂದಿರಲಿ, ಬೆಸುಗೆ ನೋಡಬೇಕು.